ಸಾವಿನ ಮನೆಯ ಗೇಟಿನ ಹೊರಗೆ

ನನಗೆ ಬಾಯಿ ಮುಚ್ಚಿಕೊಂಡು ಕೂರಲು ಬರುವುದಿಲ್ಲ. ನನ್ನ ಗಂಡ ಇದನ್ನು ಮದುವೆಯಾದ ವಾರದಲ್ಲೇ ಕಂಡುಕೊಂಡರು. ದೋಹಾದಲ್ಲಿ ನಾನು ಕೆಲಸ ಮಾಡುವ ಶಾಲೆಯವರಿಗೆ ಅಷ್ಟು ಸಮಯವೂ ಬೇಕಾಗಲಿಲ್ಲ. ಅಲ್ಲಿ ನಾನು ಫೀಸಿನ ಕೌಂಟರಿನಲ್ಲಿ ಕೂರುತ್ತೇನೆ. ಎದುರಿಗೆ ನಿಂತು ಮೇಜು ಕುಟ್ಟುವ ಅಪ್ಪಂದಿರಿಗೆ ಇಂಗ್ಲಿಷಿನಲ್ಲಿ "ಯೆಸ್ ಸರ್, ಶೂರ್ ಸರ್" ಎನ್ನುತ್ತ, ಮುಖದ ನಗು ಮಾಸದ ಹಾಗೆ, ನಡುನಡುವೆ ತುಳುವಿನಲ್ಲಿ ಅವರ ವಂಶವನ್ನೆಲ್ಲ ವಿಚಾರಿಸಿಕೊಳ್ಳುವುದು ನನ್ನ ಅಭ್ಯಾಸ. ಗಲ್ಫಿನಲ್ಲಿರುವ ನಮ್ಮ ಕರಾವಳಿಯವರಿಗೆಲ್ಲ ಈ ಸುಖ ಗೊತ್ತು. ಬೈದದ್ದೂ ಆಯಿತು, ಕೆಲಸವೂ ಉಳಿಯಿತು.

ಒಮ್ಮೆ ಹಾಗೆ ಬೈಯುವಾಗ ಪಕ್ಕದಲ್ಲಿ ಗಣಿತದ ಟೀಚರ್ ನಿಂತಿದ್ದರು. ದಕ್ಷಿಣ ಆಫ್ರಿಕಾದವರು, ಅರವತ್ತು ದಾಟಿದ ಬಿಳಿ ಹೆಂಗಸು, ಗಂಡಿನಂತೆ ಕತ್ತರಿಸಿದ ನರೆಗೂದಲು, ಎರಡೂ ಮೊಣಕಾಲು ನೋವು. ಆ ಮನುಷ್ಯ ಹೋದ ಮೇಲೆ "ನಗ್ತಾ ನಗ್ತಾ ಅವನಿಗೆ ಏನಂದೆ?" ಎಂದು ಕೇಳಿದರು. ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ನಮ್ಮಲ್ಲಿ ಕಿವುಡನನ್ನು ಬೈಯಬಾರದು ಅಂತ ಇದೆ" ಎಂದರು.

"ಅವನಿಗೆ ಕೇಳಿಸೋದೇ ಇಲ್ವಲ್ಲ, ಅವನಿಗೇನು ನಷ್ಟ?"

"ಅವನಿಗಲ್ಲ. ಬೈದವರಿಗೆ."

ಪವಿತ್ರರಾಗಿರಿ ಎಂದು ಅವರ ದೇವರು ಹೇಳುವ ಜಾಗದಲ್ಲೇ ಈ ಮಾತೂ ಇದೆಯಂತೆ. ಕುರುಡನ ಕಾಲಿಗೆ ಅಡ್ಡ ಇಡಬೇಡ, ಹೊಲದ ಮೂಲೆಯ ಪೈರನ್ನು ಕೊಯ್ಯದೆ ಬಡವರಿಗೆ ಬಿಡು, ಹೀಗೆ ಬರೀ ಮನುಷ್ಯರ ಮನುಷ್ಯರ ನಡುವಿನ ವಿಷಯಗಳಂತೆ. ನನಗೆ ಸೋಜಿಗವಾಯಿತು. ಪವಿತ್ರ ಅಂದರೆ ನನ್ನ ತಲೆಗೆ ಬರುವುದು ಮಡಿ. ಒಬ್ಬರನ್ನೊಬ್ಬರು ಮುಟ್ಟದೆ ದೂರ ನಿಲ್ಲುವುದು. ಇವರದು ಹತ್ತಿರ ಹೋಗುವ ಪವಿತ್ರ. "ನಮ್ಮಲ್ಲಿ ಅಂದ್ರೆ ಯಾರಲ್ಲಿ?" ಎಂದು ಕೇಳಿದೆ. ಕಾರಿಡಾರಿನ ಎರಡೂ ತುದಿ ನೋಡಿ, "ಯಹೂದಿಗಳಲ್ಲಿ" ಎಂದು ಮೆಲ್ಲಗೆ ಹೇಳಿದರು. ಆವರೆಗೆ ನಾನು ಅವರನ್ನು ಚರ್ಚಿಗೆ ಹೋಗುವವರು ಅಂದುಕೊಂಡಿದ್ದೆ. ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ, ಆದರೆ ಯಾರೂ ಕೇಳದಿದ್ದರೆ ಹೇಳುತ್ತಲೂ ಇರಲಿಲ್ಲ. ದೋಹಾದಲ್ಲಿ ಅದು ಜಾಣತನವೇ.

ಆಮೇಲೆ ಅಮ್ಮ ತೀರಿಕೊಂಡಳು. ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು, ಎಷ್ಟು ಬೇಡಿಕೊಂಡರೂ ಸಮಯಕ್ಕೆ ಕೈಗೆ ಬರಲಿಲ್ಲ. ಕಾಪುವಿನ ಮನೆಯಂಗಳದಲ್ಲಿ ಅವಳನ್ನು ಮಲಗಿಸಿದ್ದನ್ನು, ಹೊತ್ತುಕೊಂಡು ಹೋದದ್ದನ್ನು ಅಣ್ಣನ ಮಗಳು ಹಿಡಿದ ಮೊಬೈಲಿನಲ್ಲಿ ನೋಡಿದೆ. ನೆಟ್‌ವರ್ಕ್ ಹೋಗಿ ಬಂದು ಅಮ್ಮನ ಮುಖ ಚೌಕಚೌಕವಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲೂ ನಾನು "ಸ್ವಲ್ಪ ಆಚೆ ಸರಿ ಮಾರಾಯ್ತಿ, ಕಾಣುದಿಲ್ಲ" ಎಂದು ಆ ಹುಡುಗಿಗೆ ಬೈದೆ.

ದೋಹಾದ ಮುಂತಜಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಇಲ್ಲಿನ ಊರಿನವರು ಬಂದರು, ಒಳ್ಳೆಯ ಮನಸ್ಸಿನಿಂದಲೇ ಬಂದರು. ಆದರೆ ಸೋಫಾದಲ್ಲಿ ಕೂತ ಕೂಡಲೇ ವಿಚಾರಣೆ. "ಶುಗರ್ ಇತ್ತಾ?" "ದೊಡ್ಡಾಸ್ಪತ್ರೆಗೆ ಹಾಕ್ಲಿಕ್ಕೆ ಆಗ್ಲಿಲ್ವಾ?" "ಲಾಸ್ಟ್ ಟೈಮ್ ನೀನು ಹೋದದ್ದು ಯಾವಾಗ?" ಒಬ್ಬಾಕೆ ಅಮ್ಮನ ವಯಸ್ಸು ಕೇಳಿ, "ಹಾಗಾದ್ರೆ ಪುಣ್ಯದ ಸಾವು ಬಿಡು" ಎಂದು ಎದ್ದೇ ಹೋದಳು. ನನ್ನ ಅಮ್ಮ ಸತ್ತದ್ದಕ್ಕೆ ನಾನು ಎಲ್ಲರಿಗೂ ಸಮಜಾಯಿಷಿ ಕೊಡಬೇಕಾಗಿ ಬಂದಿತ್ತು. ಎದೆಯೊಳಗೆ ಒಂದು ಕಲ್ಲು, ಹೊರಗೆ ಆಸ್ಪತ್ರೆಯ ವರದಿ.

ಆ ಸಂಜೆ ಗಣಿತದ ಟೀಚರ್ ಬಂದರು. ಕೈಯಲ್ಲೊಂದು ಮುಚ್ಚಿದ ಪಾತ್ರೆ. ಗಂಡ ತೆರೆದು ನೋಡಿದರು, ಬೇಯಿಸಿದ ಮೊಟ್ಟೆ! ಉತ್ತರಕ್ರಿಯೆಯ ಬೊಜ್ಜ ಮುಗಿದು ಸೂತಕ ಕಳೆಯುವವರೆಗೆ ಮೀನಿನ ವಾಸನೆಯನ್ನೂ ಒಳಗೆ ಬಿಡದ ಮನೆ ನಮ್ಮದು. ಗಂಡ ಪಾತ್ರೆಯನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. ನನಗೆ ಎಲ್ಲಿತ್ತೋ ಸಿಟ್ಟು, "ಇದನ್ನು ತಗೊಂಡು ಹೋಗಿ, ಈಗಲೇ" ಎಂದು ಕಿರುಚಿದೆ. ಅವರು ಒಂದು ಮಾತೂ ಆಡದೆ ಪಾತ್ರೆ ತೆಗೆದುಕೊಂಡು ಇಳಿದು ಹೋದರು. ಹೋದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಖಾಲಿ ಕೈಯಲ್ಲಿ ಮತ್ತೆ ಬಂದರು. ನಾನು ನೆಲದಲ್ಲಿ ಚಾಪೆಯ ಮೇಲೆ ಕೂತಿದ್ದೆ. ಸೋಫಾ ಬಿಟ್ಟು, ನೋಯುವ ಮೊಣಕಾಲನ್ನು ಕೈಯಲ್ಲಿ ಹಿಡಿದು ಮಡಚಿ, ನನ್ನ ಎದುರಿನ ಗೋಡೆಗೆ ಒರಗಿ ನೆಲದಲ್ಲೇ ಕೂತರು. ಈಗ ಶುರು ಮಾಡುತ್ತಾರೆ ಎಂದು ಕಾದೆ. ಶುರು ಮಾಡಲಿಲ್ಲ. ಎ.ಸಿ.ಯ ಸದ್ದು, ಕೆಳಗಿನ ರಸ್ತೆಯ ಹಾರನ್ನು, ಅಷ್ಟೇ. "ಎಂತ ಜನ ಮಾರಾಯ್ರೆ ಇದು, ಒಂದು ಸಮಾಧಾನದ ಮಾತಾಡ್ಲಿಕ್ಕೂ ಗೊತ್ತಿಲ್ವಾ?" ಎಂದು ಗಂಡನಿಗೆ ತುಳುವಿನಲ್ಲಿ ಹೇಳಿದೆ. ಆ ಹೆಂಗಸು ಅಲುಗಲಿಲ್ಲ. ಕೊನೆಗೆ ನನಗೇ ತಡೆಯಲಾಗದೆ ಬಾಯಿ ಬಿಟ್ಟೆ. ಅಮ್ಮ ಒಮ್ಮೆ ಬಸ್ಸಿನ ಕಂಡಕ್ಟರನ ಜೊತೆ ಜಗಳ ಮಾಡಿ, ದಾಟಿ ಹೋಗಿದ್ದ ನಮ್ಮ ಸ್ಟಾಪಿಗೆ ಬಸ್ಸನ್ನು ಹಿಂದಕ್ಕೆ ತರಿಸಿದ್ದನ್ನು ಹೇಳಿದೆ. ಡ್ರೈವರ್ ಹಿಂದೆ ನೋಡುತ್ತ ರಿವರ್ಸ್ ಬರುತ್ತಿದ್ದರೆ ಅಮ್ಮ ಫುಟ್‌ಬೋರ್ಡಿನಲ್ಲಿ ನಿಂತು "ಬರ್ಲಿ, ಬರ್ಲಿ" ಎಂದು ಕೈಬೀಸುತ್ತಿದ್ದಳು. ಅದನ್ನು ಹೇಳುತ್ತ ನಗು ಬಂತು, ನಗುವಿನ ನಡುವೆ ಅಳು ಬಂತು, ಊರಿನಿಂದ ಸುದ್ದಿ ಬಂದ ಮೇಲೆ ಮೊದಲ ಸಲ ಜೋರಾಗಿ ಅತ್ತೆ. ಅಳಬೇಡ ಎನ್ನಲಿಲ್ಲ ಅವರು. ಅತ್ತು ಮುಗಿದ ಮೇಲೆ ಹೋಗಿ ಬರ್ತೇನೆ ಎಂದೂ ಹೇಳದೆ ಗೋಡೆ ಹಿಡಿದು ಎದ್ದು ಹೋದರು.

ಮತ್ತೆ ಶಾಲೆಯಲ್ಲಿ ಸಿಕ್ಕಾಗ ಕೇಳಿ ತಿಳಿದುಕೊಂಡೆ. ಅವರಲ್ಲಿ ಸಾವಿನ ಮನೆಗೆ ಹೋದವರು, ದುಃಖದಲ್ಲಿರುವವರು ತಾವಾಗಿ ಬಾಯಿ ತೆರೆಯುವ ತನಕ ಮಾತಾಡಬಾರದಂತೆ. ಹೇಗಿದ್ದೀ ಎಂದೂ ಕೇಳಬಾರದು, ಹೇಗಿರುತ್ತಾರೆ ಪಾಪ. ಸುಮ್ಮನೆ ಹತ್ತಿರ ಕೂರಬೇಕು. ಮೊಟ್ಟೆಗೂ ಕಾರಣ ಇತ್ತು. ದುಂಡಗಿರುವ, ಎಲ್ಲೂ ಬಾಯಿಯಿಲ್ಲದ ಪದಾರ್ಥ. ದುಃಖಕ್ಕೂ ಬಾಯಿ ಇರುವುದಿಲ್ಲ ಎಂದು ಮೊದಲ ಊಟಕ್ಕೆ ಅದನ್ನು ನೆರೆಯವರೇ ತಂದು ಕೊಡುವುದಂತೆ. "ನಿಮ್ಮಲ್ಲಿ ಮುಟ್ಟೋದಿಲ್ಲ ಅಂತ ಗೊತ್ತಿರಲಿಲ್ಲ. ನಾನು ಕೇಳಬೇಕಿತ್ತು" ಎಂದರು. ಕಿರುಚಿದ್ದಕ್ಕೆ ನಾಚಿಕೆಯಾಗಿ ಮಾರನೆಯ ವಾರ ಅವರಿಗೆ ನೀರುದೋಸೆ ಮಾಡಿಕೊಂಡು ಹೋದೆ.

ಅಲ್ಲಿಂದ ಶುಕ್ರವಾರ ಸಂಜೆಗಳಲ್ಲಿ ಬಿನ್ ಮಹಮೂದ್ ಬಡಾವಣೆಯ ಅವರ ಹಳೆಯ ಫ್ಲ್ಯಾಟಿಗೆ ಹೋಗುವ ರೂಢಿಯಾಯಿತು. ಹೊತ್ತು ಮುಳುಗುವ ಮುಂಚೆ ಎರಡು ಮೇಣದ ಬತ್ತಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದರು. ಆಮೇಲೆ ಫೋನು ಕಪಾಟಿನೊಳಗೆ. ಮರುದಿನ ಕತ್ತಲಾಗುವ ತನಕ ಅವರಿಗೆ ವಿಶ್ರಾಂತಿಯ ದಿನ, ಅದನ್ನು ತೆಗೆಯುತ್ತಿರಲಿಲ್ಲ. "ಆ ದಿನ ನಾನು ಯಾವುದನ್ನೂ ಸರಿಮಾಡಲಿಕ್ಕೆ ಹೋಗೋದಿಲ್ಲ. ಎದುರಿಗಿರೋರನ್ನ ನೋಡ್ತೀನಿ, ಅಷ್ಟೇ" ಎನ್ನುತ್ತಿದ್ದರು. ನಾನು ಅವರ ಧರ್ಮಕ್ಕೆ ಸೇರಿದವಳಲ್ಲ, ಸೇರುವ ಯೋಚನೆಯೂ ಇಲ್ಲ. ನಮ್ಮ ದೈವಗಳೇ ನನಗೆ ಸಾಕು. ಆದರೆ ಆ ಮೇಜಿನ ಮುಂದೆ ಕೂತಾಗ ಅಮ್ಮ ಹೋದ ದುಃಖ ಹಗುರವಾಗುತ್ತಿದ್ದದ್ದು ಸುಳ್ಳಲ್ಲ.

ಮಧ್ಯಾಹ್ನದ ಊಟಕ್ಕೆ ಶಾಲೆಯಲ್ಲಿ ನಾವು ಮೂವರು. ಮೂರನೆಯವಳು ಅರಬ್ಬಿ ಟೀಚರ್, ಗಾಜಾದವಳು, ಮದುವೆಯಾಗಿ ದೋಹಾಕ್ಕೆ ಬಂದವಳು. ನನಗಿಂತ ಚಿಕ್ಕವಳು, ನನ್ನಷ್ಟೇ ಬಾಯಿಬಡುಕಿ. ಪರಿಚಯವಾದ ಹೊಸತರಲ್ಲೇ ಗಣಿತದ ಟೀಚರ್ ಅವಳಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿಬಿಟ್ಟಿದ್ದರಂತೆ: ನಾನು ಯಹೂದಿ, ನನ್ನ ತಂಗಿ ಇಸ್ರೇಲಿನಲ್ಲಿ ನೆಲೆಸಿದ್ದಾಳೆ, ಅವಳ ಮೊಮ್ಮಗ ಸೈನ್ಯಕ್ಕೆ ಸೇರುವ ವಯಸ್ಸಿಗೆ ಬರುತ್ತಿದ್ದಾನೆ. ಇದನ್ನು ಮುಚ್ಚಿಟ್ಟುಕೊಂಡು ನಿನ್ನ ಜೊತೆ ಊಟ ಮಾಡಲಾರೆ. ಅರಬ್ಬಿ ಟೀಚರ್, "ನನ್ನ ಅಕ್ಕ ಗಾಜಾದಲ್ಲಿದ್ದಾಳೆ. ಆ ಆಲಿವ್ ಡಬ್ಬಿ ಇತ್ತ ಕೊಡಿ" ಎಂದಳಂತೆ. ಅಲ್ಲಿಂದ ಇಬ್ಬರಿಗೂ ಬಿಡಲಾರದ ಸ್ನೇಹ.

ಯುದ್ಧ ಶುರುವಾದ ಮೇಲೆ ಆ ಮೇಜು ಮೊದಲಿನಂತೆ ಇರಲಿಲ್ಲ. ಅರಬ್ಬಿ ಟೀಚರ್ ಡಬ್ಬಿ ತೆರೆದಿಟ್ಟು ಫೋನನ್ನೇ ನೋಡುತ್ತಿದ್ದಳು. ಅಕ್ಕನ ವಾಟ್ಸ್ಯಾಪಿನಲ್ಲಿ ಎರಡು ಗೀಟು ಬಿದ್ದರೆ ಅವಳು ಒಂದು ತುತ್ತು ತಿನ್ನುತ್ತಿದ್ದಳು. ಒಂದೇ ಗೀಟಾದರೆ ಡಬ್ಬಿ ಹಾಗೇ ಮನೆಗೆ ವಾಪಸು. ನನ್ನ ಫೋನಿನಲ್ಲೋ, ನಮ್ಮೂರಿನವರ ಗ್ರೂಪಿನ ತುಂಬ ಕೇಕೆ. ಜನ್ಮದಲ್ಲಿ ಒಬ್ಬ ಯಹೂದಿಯನ್ನೂ ಒಬ್ಬ ಗಾಜಾದವನನ್ನೂ ಕಾಣದವರು ಕ್ರಿಕೆಟ್ ಮ್ಯಾಚಿನ ಹಾಗೆ ಸ್ಕೋರು ಹಾಕುತ್ತಿದ್ದರು. ಅದನ್ನು ಮ್ಯೂಟ್ ಮಾಡಿ ಇಟ್ಟೆ.

ಒಂದು ದಿನ ಗಣಿತದ ಟೀಚರ್ ಮಾತಿನ ನಡುವೆ, ಅವರ ಶಾಸ್ತ್ರದಲ್ಲಿ ಮತ್ತೆ ಮತ್ತೆ ಬರುವ ಮಾತು ಪರದೇಶಿಯ ಬಗ್ಗೆ ಎಂದರು. ನೀವೂ ಇನ್ನೊಬ್ಬರ ನೆಲದಲ್ಲಿ ಪರದೇಶಿಗಳಾಗಿದ್ದಿರಿ, ಪರದೇಶಿಯ ಒಳಗು ನಿಮಗೆ ಗೊತ್ತು, ಅವನನ್ನು ಪ್ರೀತಿಸಿ ಎಂದು ಬರುತ್ತದಂತೆ. ನಾನು ತಲೆದೂಗಿದೆ, ರೆಸಿಡೆನ್ಸಿ ಕಾರ್ಡು ಹಿಡಿದು ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಬ್ಬಿ ಟೀಚರ್ ಫೋನಿನಿಂದ ತಲೆಯೆತ್ತಿದಳು.

"ಇದನ್ನ ನಿಮ್ಮ ತಂಗಿಯ ಕಡೆಯವರಿಗೆ ಓದಿ ಹೇಳಿ."

"ಹೇಳ್ತಾ ಇದ್ದೀನಿ" ಎಂದರು ಗಣಿತದ ಟೀಚರ್. "ಅದಕ್ಕೇ ಅವಳೂ ನಾನೂ ಈಗ ಮಾತಾಡೋದು ಕಮ್ಮಿ."

ಬೆಲ್ ಹೊಡೆಯಿತು, ಇಬ್ಬರೂ ಕ್ಲಾಸಿಗೆ ಹೋದರು.

ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ಅಸೆಂಬ್ಲಿ ನಡೆಯುತ್ತಿದ್ದಾಗ. ಗಾಜಾದಲ್ಲಿ ಅವಳ ಅಕ್ಕ, ಅಕ್ಕನ ಇಬ್ಬರು ಮಕ್ಕಳು ಇದ್ದ ಕಟ್ಟಡ ಬಾಂಬಿಗೆ ಕುಸಿದುಬಿದ್ದು ಮೂವರೂ ಹೋಗಿದ್ದರು. ಅವಳು ಫೋನನ್ನು ನನ್ನ ಕೌಂಟರಿನ ಮೇಲಿಟ್ಟು, "ಇದನ್ನ ಹಿಡ್ಕೋ, ಹಬೀಬ್ತಿ" ಎಂದು ಹೇಳಿ ಅಲ್ಲೇ ಕುಸಿದು ಕೂತಳು. ಅವಳ ಗಂಡ ಬಂದು ಕರೆದುಕೊಂಡು ಹೋಗುವ ತನಕ ಅವಳ ಕೈ ಹಿಡಿದುಕೊಂಡಿದ್ದೆ. ಗಣಿತದ ಟೀಚರ್ ಕಾರಿಡಾರಿನ ಆ ತುದಿಯಲ್ಲಿ ನಿಂತೇ ಇದ್ದರು. ಹತ್ತಿರ ಬರಲಿಲ್ಲ. ಅವರ ಮುಖ ನೋಡಲಾಗುತ್ತಿರಲಿಲ್ಲ.

ಅಲ್ಲಿಯವರಲ್ಲಿ ಮೂರು ದಿನ ಮನೆ ತೆರೆದಿಟ್ಟು ದುಃಖ ಕೇಳಲು ಬಂದವರನ್ನು ಕೂರಿಸುತ್ತಾರೆ. ಹೋಗುವುದೆಂದು ನಾನು ಆಗಲೇ ತೀರ್ಮಾನಿಸಿದ್ದೆ. ಮಧ್ಯಾಹ್ನ ಗಣಿತದ ಟೀಚರ್ ನನ್ನ ಕೌಂಟರಿಗೆ ಬಂದು ನಿಂತರು.

"ನಾನೂ ಹೋಗಬೇಕು" ಎಂದರು. "ಹೋಗದೆ ಇದ್ದರೆ ನಾನು ಇಷ್ಟು ದಿನ ಹೇಳಿದ್ದಕ್ಕೆಲ್ಲ ಅರ್ಥ ಇಲ್ಲ. ಆದರೆ ಅವಳನ್ನ ಕೇಳದೆ ಹೋಗೋದಿಲ್ಲ. ನೀನು ಕೇಳ್ತೀಯಾ?"

ಈ ಇಬ್ಬರ ನಡುವೆ ನಾನೇ ಬೇಕಿತ್ತಾ ಸಿಕ್ಕಿಹಾಕಿಕೊಳ್ಳಲಿಕ್ಕೆ! ಬೇಡ ಅನ್ನಬೇಕೆಂದಿದ್ದೆ, ಅನ್ನಲಾಗಲಿಲ್ಲ. ಫೋನ್ ಮಾಡಿದೆ. ಆ ಕಡೆ ಕುರಾನಿನ ಪಠಣ ಕೇಳಿಸುತ್ತಿತ್ತು. ವಿಷಯ ಹೇಳಿದೆ. ಅರಬ್ಬಿ ಟೀಚರ್ ಫೋನು ಹಿಡಿದುಕೊಂಡು ಬೇರೆ ಕೋಣೆಗೆ ಹೋದಳು, ಪಠಣ ದೂರವಾಯಿತು.

"ಅವರು ಒಳ್ಳೆಯವರು, ನನಗೆ ಗೊತ್ತು" ಎಂದಳು ಆಮೇಲೆ. "ಆದರೆ ಅವರ ತಂಗಿಯ ಮೊಮ್ಮಗ ಈಗ ಸೈನ್ಯದಲ್ಲಿದ್ದಾನೆ. ಬಾಂಬು ಹಾಕಿದ್ದು ಅವನೇ ಅಂತ ನಾನು ಹೇಳೋದಿಲ್ಲ. ಆದರೆ ಅವರ ಮುಖ ನೋಡಿದ ಕೂಡಲೇ ನಾನು ಅದನ್ನೇ ಕೇಳಿಬಿಡ್ತೀನಿ. ಕೇಳದೆ ಇರಲಿಕ್ಕೂ ಆಗೋದಿಲ್ಲ. ಮನೆಯಲ್ಲಿ ನನ್ನ ತಾಯಿ ಇದ್ದಾಳೆ. ಬೇಡ. ಖಲಾಸ್."

ಅವಳದ್ದು ತಪ್ಪು ಎಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಗಣಿತದ ಟೀಚರಿಗೆ ಹೇಳಿದೆ, ಮೊಮ್ಮಗನ ಮಾತನ್ನೂ ಬಿಡದೆ ಹೇಳಿದೆ. ಅವರು ತಲೆಯಾಡಿಸಿದರು. "ಸರಿ. ನೀನು ಹೇಗೆ ಹೋಗ್ತೀ? ನಾನು ಬಿಡ್ತೀನಿ" ಎಂದರು. ನನಗೆ ಡ್ರೈವಿಂಗ್ ಬರುವುದಿಲ್ಲ, ಗಂಡನದ್ದು ಆ ವಾರ ಸಂಜೆಯ ಶಿಫ್ಟು. ಒಪ್ಪಿಕೊಂಡೆ.

ಅಲ್ ಅಜೀಜಿಯಾದಲ್ಲಿ ಒಂದು ವಿಲ್ಲಾದ ಹಿಂಭಾಗ ಅವಳ ಮನೆ. ಗೇಟಿನಿಂದ ಸ್ವಲ್ಪ ಆಚೆ, ಗೋಡೆಯ ಬದಿಗೆ ನನ್ನನ್ನು ಇಳಿಸಿದರು. ಒಳಗೆ ಹೆಂಗಸರು ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಸಕ್ಕರೆಯಿಲ್ಲದ ಕಪ್ಪು ಕಾಫಿ ಕೊಟ್ಟರು, ಕಹಿಯೆಂದರೆ ಕಹಿ. ಆ ದಿನಗಳಲ್ಲಿ ಸಿಹಿ ಹಾಕುವುದಿಲ್ಲವಂತೆ. ಅರಬ್ಬಿ ಟೀಚರ್ ಬಿಳಿ ಮುಸುಕು ಹೊದ್ದು ತಾಯಿಯ ಪಕ್ಕ ಕೂತಿದ್ದಳು. ನನ್ನನ್ನು ಕಂಡು ಎದ್ದಳು, ನಾನು ಹೋಗಿ ತಬ್ಬಿಕೊಂಡರೆ ಮರದ ಕೊರಡಿನಂತೆ ನಿಂತಳು. ಬಾಯಿ ತುದಿಗೆ ಬಂದ ಮಾತನ್ನೆಲ್ಲ ನುಂಗಿಕೊಂಡು ಎದುರಿನ ಕುರ್ಚಿಯಲ್ಲಿ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಆವತ್ತು ಗೊತ್ತಾಯಿತು.

ಹೊರಗೆ ಬಂದು ನೋಡಿದರೆ ಆ ಕಾರು ಅಲ್ಲೇ ಇತ್ತು. ಬೇಸಿಗೆ ಶುರುವಾಗಿತ್ತು, ಸಂಜೆಯಾದರೂ ಗಾಳಿಯಲ್ಲಿ ಒಲೆಯ ಝಳ. ಎಂಜಿನ್ ಆಫ್ ಮಾಡಿ, ಗಾಜು ಇಳಿಸಿ, ಫೋನು ಕೂಡ ಇಲ್ಲದೆ ಸ್ಟಿಯರಿಂಗಿನ ಹಿಂದೆ ಕೂತಿದ್ದರು. ಬೆವರಿಗೆ ಅಂಗಿ ಮೈಗೆ ಅಂಟಿತ್ತು.

"ಎಲ್ಲಾದರೂ ಹೋಗಿ ಚಹಾ ಕುಡಿದು ಬರಬಾರದಿತ್ತಾ? ಎ.ಸಿ.ಯಾದರೂ ಹಾಕ್ಕೊಳ್ಳಬಾರದಾ?"

"ನಾನೂ ಭೇಟಿಗೆ ಬಂದವಳೇ" ಎಂದರು. ನನಗೆ ಅರ್ಥವಾದದ್ದು ಕಾರು ಮುಖ್ಯರಸ್ತೆಗೆ ಬಂದ ಮೇಲೆ.

ಎರಡನೆಯ ದಿನ ಟ್ಯಾಕ್ಸಿ ಮಾಡಿಕೊಂಡು ಹೋಗುತ್ತೇನೆ ಎಂದೆ. ಕೇಳಲಿಲ್ಲ. ಹಾಗೇ ಗೋಡೆಯ ಬದಿಗೆ ನಿಲ್ಲಿಸಿದರು, ಹಾಗೇ ಗಾಜು ಇಳಿಸಿದರು. ವಾಪಸು ಬರುವಾಗ ನನ್ನ ಸಿಟ್ಟು ಒಡೆಯಿತು. "ನೀವಿಲ್ಲಿ ಬೇಯ್ತಾ ಕೂತರೆ ಯಾರಿಗೆ ಏನು ಬಂತು? ಅವಳಿಗೆ ಗೊತ್ತೇ ಇಲ್ಲ. ನಿಮ್ಮ ದೇವರಿಗೆ ಲೆಕ್ಕ ತೋರಿಸ್ಲಿಕ್ಕಾ?" ಎಂದುಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಒಳಗೆ ಬೇಡ ಅಂದಿದ್ದಾಳೆ, ಅದು ಅವಳ ಹಕ್ಕು. ದುಃಖದಲ್ಲಿರೋರ ಹತ್ತಿರ ಹೋಗೋದು ನನ್ನ ಕೆಲಸ. ಎಷ್ಟು ಹತ್ತಿರ ಹೋಗಲಿಕ್ಕೆ ಆಗ್ತದೋ ಅಷ್ಟು" ಎಂದರು. ಸಿಗ್ನಲಿನಲ್ಲಿ ಕಾರು ನಿಂತಾಗ, "ಅವಳಿಗೆ ಹೇಳಬೇಡ. ಹೇಳಿದರೆ ನನ್ನ ಭಾರವನ್ನೂ ಅವಳ ತಲೆಗೆ ಹಾಕಿದ ಹಾಗೆ" ಎಂದು ಸೇರಿಸಿದರು. ನಂತರ ಮೆಲ್ಲಗೆ, ರಸ್ತೆಯನ್ನೇ ನೋಡುತ್ತ, "ನನ್ನ ಪ್ರಾರ್ಥನೆ ಈಗ ಗಂಟಲಲ್ಲೇ ನಿಲ್ಲುತ್ತೆ. ಕೂರಲಿಕ್ಕೆ ಮಾತ್ರ ಆಗ್ತಿದೆ" ಎಂದರು. ಅವರು ಅಷ್ಟು ಸೋತದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ನಿಂಗೆ ಎಂತಕ್ಕೆ ಇದೆಲ್ಲ? ಯಾರಾದ್ರು ಆ ಹೆಂಗಸನ್ನು ಅಲ್ಲಿ ನೋಡಿ ಏನಾದ್ರು ಅಂದ್ರೆ?" ಎಂದರು. ಆ ಹೆದರಿಕೆ ನನಗೂ ಇತ್ತು.

ಮೂರನೆಯ ದಿನ ಕೊನೆಯ ದಿನ. ಜನ ಕಡಿಮೆಯಾಗಿದ್ದರು. ಅರಬ್ಬಿ ಟೀಚರ್ ಒಬ್ಬ ಮುದುಕಿಯನ್ನು ಕೈಹಿಡಿದು ಗೇಟಿನ ತನಕ ಕಳಿಸಲು ಹೋದಳು. ಗೇಟಿನಿಂದ ಆಚೆ ನೋಡಿದರೆ ಆ ಕಾರು ಕಾಣುತ್ತದೆ. ಹಿಂದಿನ ಗಾಜಿಗೆ ನಮ್ಮ ಶಾಲೆಯ ಪಾರ್ಕಿಂಗ್ ಸ್ಟಿಕ್ಕರ್ ಬೇರೆ. ಅವಳು ವಾಪಸು ಬಂದು ನೇರ ನನ್ನ ಮುಂದೆ ನಿಂತಳು.

"ಯಾವಾಗಿನಿಂದ?"

ಸುಳ್ಳು ಹೇಳಲಾಗಲಿಲ್ಲ. "ಮೊದಲ ದಿನದಿಂದ" ಎಂದೆ.

ಅವಳು ಹೋಗಿ ತಾಯಿಯ ಪಕ್ಕ ಕೂತಳು. ಮುಖದಲ್ಲಿ ಏನಿತ್ತು ಎಂದು ತಿಳಿಯಲಿಲ್ಲ. ಅವಳು ಯಾರನ್ನು ಬೇಡ ಎಂದಿದ್ದಳೋ ಅವರನ್ನೇ ಮೂರು ದಿನ ಅವಳ ಮನೆಬಾಗಿಲಿಗೆ ತಂದು ನಿಲ್ಲಿಸಿದ್ದೇನೆ. ಈಗ ಎದ್ದು ಕೂಗಾಡಿದರೆ? ನೆಂಟರೆಲ್ಲ ಹೊರಗೆ ಓಡಿದರೆ? ಬಂದವರು ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ನಾನು ಎದ್ದಾಗ ಅವಳೂ ಎದ್ದಳು. "ಯಲ್ಲಾ, ನಡಿ" ಎಂದು ನನಗಿಂತ ಮುಂದೆ ನಡೆದಳು.

ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ತೆರೆದು ಒಳಗೆ ಕೂತಳು. ನಾನು ಮುಂದೆ ಹತ್ತಿದೆ. ಗಣಿತದ ಟೀಚರ್ ಕನ್ನಡಿಯಲ್ಲಿ ಅವಳನ್ನು ನೋಡಿದರು, ಎರಡೂ ಕೈ ಸ್ಟಿಯರಿಂಗ್ ಹಿಡಿದುಕೊಂಡವು. ಮಾತಾಡಲಿಲ್ಲ. ಅವರು ಮೊದಲು ಮಾತಾಡುವ ಹಾಗಿಲ್ಲ ಎಂದು ನನಗೆ ಗೊತ್ತಿತ್ತು, ಹಿಂದೆ ಕೂತವಳಿಗೆ ಗೊತ್ತಿತ್ತೋ ಇಲ್ಲವೋ. ಯಾರೋ ಮನೆಯ ಕಸ ತಂದು ದೊಡ್ಡ ಡಬ್ಬಿಗೆ ಎಸೆದು ಹೋದರು. ಸಂಜೆಯ ಮಗ್ರಿಬ್‌ನ ಬಾಂಗ್ ಆಗಿ ಮುಗಿಯಿತು. ನನ್ನ ಜೀವಮಾನದಲ್ಲೇ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದಿಲ್ಲ. ಒಂದು ಮಾತು ಆಡಿದರೆ ಎಲ್ಲಾ ಕೆಡುತ್ತದೆ ಎಂದು ಅನ್ನಿಸಿತ್ತು.

"ನನ್ನ ಅಕ್ಕ ಭಾರಿ ಸೋಮಾರಿ" ಎಂದಳು ಹಿಂದೆ ಕೂತವಳು. "ಅವಳ ಪಾಲಿನ ಪಾತ್ರೆಯನ್ನೂ ನಾನೇ ತೊಳೀತಿದ್ದೆ. ಅವಳ ಸಣ್ಣ ಮಗಳನ್ನ ಮಾತ್ರ ಯಾರ ಕೈಗೂ ಕೊಡ್ತಿರಲಿಲ್ಲ. ಅವಳನ್ನ ಅಪ್ಪಿಕೊಂಡ ಹಾಗೇ ಸಿಕ್ಕಿದಳಂತೆ."

ಗಣಿತದ ಟೀಚರ್ ಸ್ಟಿಯರಿಂಗ್ ಮೇಲೆ ಬಾಗಿ ಅಳತೊಡಗಿದರು. ಸದ್ದಿರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಅವಳು ಅದನ್ನು ನೋಡುತ್ತ ಕೂತಿದ್ದಳು. ಸಮಾಧಾನ ಮಾಡಲಿಲ್ಲ.

"ನಿಮ್ಮ ತಂಗಿಯ ಮೊಮ್ಮಗ ಎಲ್ಲಿದ್ದಾನೆ?"

"ನನಗೆ ಗೊತ್ತಿಲ್ಲ. ಎಲ್ಲಿ ಅಂತ ಹೇಳೋ ಹಾಗಿಲ್ಲ ಅಂತಾಳೆ ತಂಗಿ."

"ಗೊತ್ತಾದ ದಿನ ನನಗೆ ಹೇಳಬೇಡಿ."

ಬಾಗಿಲು ತೆರೆದು ಒಂದು ಕಾಲನ್ನು ಹೊರಗಿಟ್ಟವಳು ಅಲ್ಲೇ ನಿಂತಳು. "ಮೂರು ದಿನ ಮುಗೀತು" ಎಂದಳು. "ನಾಳೆ ಯಾರೂ ಬರೋದಿಲ್ಲ. ನೀವು ಬನ್ನಿ. ಒಳಗೆ ಬೇಡ. ಇಲ್ಲೇ ಕೂತಿರಿ."

ಮಾರನೆಯ ಸಂಜೆ ನನ್ನನ್ನು ಯಾರೂ ಕರೆಯಲಿಲ್ಲ. ಅವರು ಒಬ್ಬರೇ ಹೋದರು.